ಪ್ಯಾರಿಸ್ ಸುತ್ತಾಟಕ್ಕೆ ಯಾವ ಪಾಸು: ಅಕ್ಕ ಕೊಂಡಿದ್ದು, ನಾವು ಕೊಂಡಿದ್ದು

ಮೊದಲೇ ಹೇಳಿಬಿಡುತ್ತೇನೆ. ಪ್ಯಾರಿಸ್‌ನಲ್ಲಿ ಒಂದು ವಾರ ಇರುವವರಿಗೆ ನನ್ನ ಓಟು ನಾವಿಗೋ ಅನ್ನುವ, ಮೆಟ್ರೊ, ರೈಲು, ಬಸ್ಸಿಗೆಲ್ಲ ನಡೆಯುವ ವಾರದ ಪಾಸಿಗೆ. ಅದೇ ಪಾಸು ನಮ್ಮನ್ನು ಮೊದಲ ದಿನ ಏರ್‌ಪೋರ್ಟ್‌ನಲ್ಲೇ ನಿಲ್ಲಿಸಿತ್ತು. ಆದರೂ ಓಟು ಅದಕ್ಕೇ. ಯಾಕೆ ಅಂತ ಹೇಳುತ್ತೇನೆ.

ನಾವು ಹೋಗಿದ್ದು 2025ರ ಮೇ ತಿಂಗಳಲ್ಲಿ. ಐದು ಜನ. ನಾನು, ನಮ್ಮನೆಯವರು, ಅಕ್ಕ, ಭಾವ, ಅವರ 17 ವರ್ಷದ ಮಗ. ಹೊರಡುವ ಮುಂಚೆ ಮನೆಯಲ್ಲಿ ಎಷ್ಟು ಚರ್ಚೆ ಆದರೂ ಒಮ್ಮತ ಬರಲಿಲ್ಲ. ಅಕ್ಕ-ಭಾವ ಪ್ಯಾರಿಸ್ ವಿಸೀತ್ ಅನ್ನುವ ಪ್ರವಾಸಿಗರ ಪಾಸು ತಗೊಂಡರು, ಐದು ದಿನದ್ದು. ನಾವಿಬ್ಬರು ನಾವಿಗೋ ವಾರದ ಪಾಸು. ಹುಡುಗ ಮಾತ್ರ ನಾವಿಗೋ ಈಜಿ ಕಾರ್ಡಿಗೆ ಬೇಕಾದಷ್ಟೇ ಟಿಕೆಟ್ ತುಂಬಿಸಿಕೊಂಡು ಓಡಾಡಿದ. ಹೀಗಾಗಿ ಒಂದೇ ಪ್ರವಾಸದಲ್ಲಿ, ಒಂದೇ ದಾರಿಯಲ್ಲಿ, ಮೂರನ್ನೂ ಪಕ್ಕಪಕ್ಕ ನೋಡುವ ಹಾಗಾಯಿತು. ಇಲ್ಲಿ ಬರೆದಿರುವುದು ಆ ವರ್ಷದ ದರ. 2026ರಲ್ಲಿ ಸ್ವಲ್ಪ ಏರಿವೆ, ಲೆಕ್ಕದ ದಾರಿ ಮಾತ್ರ ಅದೇ.

ವಾರದ ಪಾಸು ಯಾಕೆ ಅಷ್ಟು ಆಸೆ ಹುಟ್ಟಿಸುತ್ತದೆ ಅಂದರೆ, ಅದಕ್ಕೆ 31.60 ಯೂರೋ. ಕಾರ್ಡಿಗೆ ಬೇರೆ 5 ಯೂರೋ. ಏರ್‌ಪೋರ್ಟಿನ ಒಂದು ಟಿಕೆಟ್ಟೇ 13 ಯೂರೋ, ಹೋಗಿ ಬರಲು 26. ವಾರದ ಪಾಸಿನಲ್ಲಿ ಏರ್‌ಪೋರ್ಟ್ ಪ್ರಯಾಣವೂ ಸೇರಿದೆ, ವರ್ಸಾಯ್ ಅರಮನೆಗೆ ಹೋಗುವ ರೈಲೂ ಸೇರಿದೆ, ಮೊಂಮಾರ್ತ್ ಗುಡ್ಡ ಹತ್ತಿಸುವ ಗಾಡಿಯೂ ಸೇರಿದೆ. ಎರಡು ಸಲದ ಏರ್‌ಪೋರ್ಟ್ ಓಡಾಟದ ಜೊತೆ ಐದು ಸಲ ಮೆಟ್ರೊ ಹತ್ತಿದರೆ ದುಡ್ಡು ಹುಟ್ಟಿತು. ಆಮೇಲೆ ಹತ್ತಿದ್ದೆಲ್ಲ ಲಾಭ. ಪ್ರವಾಸಿಗರ ಪಾಸಿನಲ್ಲಿ ಒಂದು ದಿನದ್ದೇ 29.90 ಯೂರೋ ಅಂದರೆ ನೀವೇ ನೋಡಿ.

ಇನ್ನು ಆ ತೊಡಕಿನ ವಿಷಯ.

ಈ ಪಾಸಿನ ವಾರ ಅಂದರೆ ಏಳು ದಿನ ಅಲ್ಲ. ಸೋಮವಾರದಿಂದ ಭಾನುವಾರ. ನೀವು ಯಾವತ್ತು ಕೊಂಡರೂ ಅಷ್ಟೇ. ಬುಧವಾರ ಕೊಂಡರೆ ಐದು ದಿನ ಸಿಗುತ್ತದೆ, ಗುರುವಾರ ಕೊಂಡರೆ ನಾಲ್ಕು. ಶುಕ್ರವಾರದಿಂದ ನಡೆಯುತ್ತಿರುವ ವಾರದ ಪಾಸು ಮಾರುವುದೇ ಇಲ್ಲ, ಬರುವ ಸೋಮವಾರದಿಂದ ಶುರುವಾಗುವುದನ್ನೇ ಕೊಡುತ್ತಾರೆ. ನಾವು ಇಳಿದಿದ್ದು ಶುಕ್ರವಾರ ಮಧ್ಯಾಹ್ನ.

ಶಾರ್ಲ್ ದ ಗಾಲ್ ಏರ್‌ಪೋರ್ಟ್‌ನ ರೈಲು ನಿಲ್ದಾಣದಲ್ಲಿ ಸಾಲು ನಿಂತು ಕಾರ್ಡ್ ತಗೊಂಡೆವು. ಅದಕ್ಕೆ ಫೋಟೊ ಅಂಟಿಸಲೇಬೇಕು, ಇಲ್ಲದಿದ್ದರೆ ತಪಾಸಣೆಯವರು ದಂಡ ಹಾಕುತ್ತಾರೆ. ವೀಸಾಗೆ ತೆಗೆಸಿದ ಫೋಟೊ ಪರ್ಸಿನಲ್ಲಿ ಉಳಿದಿತ್ತು. ಅದು 35ಕ್ಕೆ 45 ಮಿಲಿಮೀಟರ್. ಕಾರ್ಡಿನ ಚೌಕ 25ಕ್ಕೆ 30. ಸೂಟ್‌ಕೇಸ್ ಮಲಗಿಸಿ, ಅದರ ಮೇಲೆ ಫೋಟೊ ಇಟ್ಟು, ಉಗುರು ಕತ್ತರಿಸುವ ಪುಟ್ಟ ಕತ್ತರಿಯಲ್ಲಿ ಸುತ್ತಲೂ ಕತ್ತರಿಸಿದೆ. ನಮ್ಮನೆಯವರ ಫೋಟೊದಲ್ಲಿ ಎರಡೂ ಕಿವಿ ಹೋದವು. ಹೆಸರು ಬರೆದು, ಫೋಟೊ ಕೂರಿಸಿ, ಮೇಲಿನ ತೆಳು ಪ್ಲಾಸ್ಟಿಕ್ ಪದರವನ್ನು ಹೆಬ್ಬೆರಳಲ್ಲಿ ಒತ್ತಿ ಒತ್ತಿ ಗುಳ್ಳೆ ತೆಗೆದೆ. ಮಷಿನ್‌ನಲ್ಲಿ ವಾರದ ಪಾಸು ತುಂಬಿಸಿದೆವು. ಪರದೆ ಮೇಲೆ ದಿನಾಂಕ ತೋರಿಸಿತ್ತು, ನಾವು ಗಮನಿಸಲಿಲ್ಲ.

ಗೇಟಿಗೆ ಕಾರ್ಡ್ ತಾಗಿಸಿದರೆ ಕೆಂಪು ದೀಪ. ಇನ್ನೊಂದು ಗೇಟಿಗೆ ಹೋದೆವು, ಅಲ್ಲೂ ಕೆಂಪು. ಹಿಂದೆ ಜನ, ಪಕ್ಕದಲ್ಲಿ ಎರಡು ದೊಡ್ಡ ಸೂಟ್‌ಕೇಸು. ಅಕ್ಕ-ಭಾವ ಆಗಲೇ ಗೇಟಿನಾಚೆ ನಿಂತು ಕೈ ಬೀಸುತ್ತಿದ್ದರು. ಅವರ ಪಾಸು ಯಾವ ದಿನ ಬೇಕಾದರೂ ಶುರುವಾಗುತ್ತದೆ, ಬಳಸಿದ ದಿನದಿಂದ ಲೆಕ್ಕ. ಆ ಕ್ಷಣದಲ್ಲಿ ಅವರದೇ ಸರಿ ಅನಿಸಿದ್ದು ನಿಜ. ಹುಡುಗ ವಾಪಸ್ ಬಂದು ಕಾರ್ಡಿನ ದಿನಾಂಕ ಓದಿ, "ಚಿಕ್ಕಮ್ಮಾ, ಇದು ಸೋಮವಾರದಿಂದ" ಅಂದ. ಮತ್ತೆ ಸಾಲು. ತಲಾ 2 ಯೂರೋ ಕೊಟ್ಟು ಈಜಿ ಕಾರ್ಡ್, ಅದಕ್ಕೆ 13 ಯೂರೋದ ಏರ್‌ಪೋರ್ಟ್ ಟಿಕೆಟ್. ಶನಿವಾರ, ಭಾನುವಾರ ಬಿಡಿ ಟಿಕೆಟ್‌ನಲ್ಲೇ ಓಡಾಡಿದೆವು, ಒಂದಕ್ಕೆ 2.50.

ಅದಕ್ಕೇ ಹೇಳುವುದು, ವಿಮಾನದ ಟಿಕೆಟ್ ಬುಕ್ ಮಾಡುವಾಗಲೇ ವಾರ ನೋಡಿ. ಸೋಮವಾರ ಇಳಿದು ಭಾನುವಾರ ಹೊರಡುವ ಹಾಗಿದ್ದರೆ ಇದಕ್ಕಿಂತ ಸೋವಿ ಇನ್ನೊಂದಿಲ್ಲ. ಮಂಗಳವಾರ, ಬುಧವಾರ ಇಳಿದರೂ ಪರವಾಗಿಲ್ಲ. ಫೋಟೊ ಊರಲ್ಲೇ ಅಳತೆಗೆ ಕತ್ತರಿಸಿ ಇಟ್ಟುಕೊಳ್ಳಿ. ಫೋನಿನಲ್ಲೇ ಪಾಸು ತುಂಬಿಸಿಕೊಂಡರೆ ಕಾರ್ಡಿನ 5 ಯೂರೋನೂ ಉಳಿಯುತ್ತದೆ, ಫೋಟೊನೂ ಬೇಡ. ಐಫೋನಿಗೆ 2024ರಿಂದ ಈ ಸೌಲಭ್ಯ ಇದೆ. ಆದರೆ ತಲೆಗೊಂದು ಫೋನ್ ಬೇಕು, ಚಾರ್ಜ್ ಇರಬೇಕು. ನನಗೆ ಕಾರ್ಡೇ ನೆಮ್ಮದಿ.

ಕೊನೆಗೆ ಲೆಕ್ಕ ಹಾಕಿದೆವು. ಎಡವಿದ್ದೆಲ್ಲ ಸೇರಿ ನಮಗೆ ತಲಾ 71.60 ಯೂರೋ ಆಯಿತು. ಅಕ್ಕನ ಐದು ದಿನದ ಪಾಸೇ 76 ಯೂರೋ ಚಿಲ್ಲರೆ. ಅದು ಮಂಗಳವಾರ ರಾತ್ರಿಗೆ ಮುಗಿಯಿತು. ಬುಧವಾರದ ಓಡಾಟ, ಗುರುವಾರ ಏರ್‌ಪೋರ್ಟ್ ಎಲ್ಲ ಸೇರಿ ತಲಾ ನೂರು ದಾಟಿತು. ಆ ಪಾಸಿನ ಜೊತೆ ಕೆಲವು ಕಡೆ ರಿಯಾಯಿತಿ ಕೊಡುತ್ತಾರೆ. ಅವರು ಒಂದನ್ನೂ ಬಳಸಲಿಲ್ಲ.

ಹುಡುಗನ ಈಜಿ ಕಾರ್ಡ್ ದಿನಕ್ಕೆ ಎರಡೇ ಸಲ ರೈಲು ಹತ್ತುವವರಿಗೆ ಚೆನ್ನ. ಅವನು ನಮ್ಮ ಜೊತೆ ದಿನಕ್ಕೆ ನಾಲ್ಕು ಸಲ ಹತ್ತಿದ, 82 ಯೂರೋ ಮುಟ್ಟಿತು. ಮೆಟ್ರೊ ಟಿಕೆಟ್ ಬಸ್ಸಿಗೆ ನಡೆಯುವುದಿಲ್ಲ, ಬಸ್ಸಿಗೆ ಬೇರೆ, ಅದು 2 ಯೂರೋ. ಒಂದೇ ಕಾರ್ಡನ್ನು ಇಬ್ಬರು ಒಟ್ಟಿಗೆ ಬಳಸುವ ಹಾಗಿಲ್ಲ. ಇನ್ನೊಂದು ವಿಚಿತ್ರ ನಿಯಮ ಹೊರಡುವ ದಿನ ಗೊತ್ತಾಯಿತು. ಕಾರ್ಡಿನಲ್ಲಿ ಮೆಟ್ರೊ ಟಿಕೆಟ್ ಉಳಿದಿದ್ದರೆ ಅದೇ ಕಾರ್ಡಿಗೆ ಏರ್‌ಪೋರ್ಟ್ ಟಿಕೆಟ್ ತುಂಬುವ ಹಾಗಿಲ್ಲ. ಒಂದು ಟಿಕೆಟ್ ಉಳಿದಿದ್ದಕ್ಕೆ ಅವನು ಇನ್ನೊಂದು ಕಾರ್ಡ್ ಕೊಳ್ಳಬೇಕಾಯಿತು. ನಾವು ಆವತ್ತು ವಾರದ ಪಾಸು ತಾಗಿಸಿ ಸುಮ್ನೆ ಒಳಗೆ ನಡೆದೆವು.

ಮಹಡಿ ಬಸ್ಸಿನ ಟೂರ್ ನಾವು ಯಾರೂ ತಗೊಳ್ಳಲಿಲ್ಲ. ಊರಿನವರೇ ಓಡಾಡುವ 69ನೇ ನಂಬರ್ ಬಸ್ಸು ಐಫೆಲ್ ಗೋಪುರದ ಹತ್ತಿರದಿಂದ ಹೊರಟು ಓರ್ಸೆ, ಲೂವ್ರ್ ಮ್ಯೂಸಿಯಂಗಳು, ಬಾಸ್ತೀಯ್ ಚೌಕ ಎಲ್ಲ ತೋರಿಸುತ್ತದೆ. ವಾರದ ಪಾಸಿನಲ್ಲಿ ಅದೂ ಸೇರಿದೆ. ಕಾಲು ನೋವು ಬಂದಾಗಲೆಲ್ಲ ಹತ್ತಿ ಕೂತೆವು. 6ನೇ ಲೈನಿನ ಮೆಟ್ರೊ ಬೀರ್ ಹಕೀಮ್ ಹತ್ತಿರ ಸೇನ್ ನದಿ ದಾಟುವಾಗ ಕಿಟಕಿಯಲ್ಲಿ ಗೋಪುರ ಪೂರ್ತಿ ಕಾಣುತ್ತದೆ. ನಾನು ಅದಕ್ಕಾಗಿಯೇ ಎರಡು ಸಲ ಆಚೆ ಈಚೆ ಹೋಗಿ ಬಂದೆ. ಬಿಡಿ ಟಿಕೆಟ್ ಇದ್ದಿದ್ದರೆ ಮನಸ್ಸು ಬರುತ್ತಿರಲಿಲ್ಲ.

ಮ್ಯೂಸಿಯಂ ಪಾಸಿನ ಕತೆ ಬೇರೆ. ಅದನ್ನು ತಗೊಂಡಿದ್ದು ಅಕ್ಕ, ಮೂವರಿಗೂ, 48 ಗಂಟೆಯದ್ದು. 50ಕ್ಕಿಂತ ಜಾಸ್ತಿ ಕಡೆ ಪ್ರವೇಶ ಇದೆ, ಆದರೆ ಐಫೆಲ್ ಗೋಪುರ ಇಲ್ಲ. ಮೊದಲ ಬಾಗಿಲಲ್ಲಿ ಸ್ಕ್ಯಾನ್ ಆದ ಕ್ಷಣದಿಂದ ಗಂಟೆ ಓಡುತ್ತದೆ. ಅವರು ಶುರು ಮಾಡಿದ್ದು ಭಾನುವಾರ ಬೆಳಗ್ಗೆ 10ಕ್ಕೆ, ವಿಜಯ ಕಮಾನಿನಲ್ಲಿ (ಆರ್ಕ್ ದ ತ್ರಿಯೋಂಫ್). ಆಮೇಲೆ ಪಾಂತಿಯೋನ್, ದೇಶದ ದೊಡ್ಡವರ ಸಮಾಧಿ ಇರುವ ಕಟ್ಟಡ. ಸೋಮವಾರ ಓರ್ಸೆ ರಜೆ, ವರ್ಸಾಯ್ ಅರಮನೆಯೂ ರಜೆ. ಲೂವ್ರ್ ತೆರೆದಿತ್ತು, ಆದರೆ ಪಾಸು ಇದ್ದರೂ ಮೊದಲೇ ಸಮಯ ಕಾಯ್ದಿರಿಸಬೇಕು. ಆವತ್ತಿನ ಸಮಯಗಳೆಲ್ಲ ತುಂಬಿಹೋಗಿದ್ದವು. ಮಂಗಳವಾರ ಲೂವ್ರ್‌ಗೆ ರಜೆ, ಅಷ್ಟರಲ್ಲಿ ಪಾಸೂ ಮುಗಿದಿತ್ತು. ಎಲ್ಲ ಸೇರಿ ಸಿಕ್ಕಿದ್ದು ಮೂರು ಜಾಗ. ಸೋಮವಾರ ಸಂಜೆ ಸೇಂಟ್ ಶಾಪೆಲ್ ಚರ್ಚಿನ ಬಣ್ಣದ ಗಾಜು ನೋಡಿ ಹೊರಗೆ ಬಂದ ಅಕ್ಕ, "ಬೀಗ ಹಾಕಿದ ಮನೆಗೆ ಬಾಡಿಗೆ ಕಟ್ಟಿದ ಹಾಗಾಯ್ತು ಕಣೇ" ಅಂದಳು.

ಇದಕ್ಕಿಂತ ಬೇಜಾರಿನ ವಿಷಯ ಏನು ಗೊತ್ತಾ? ಹುಡುಗನಿಗೆ ಆ ಪಾಸು ಬೇಕಾಗೇ ಇರಲಿಲ್ಲ. 18 ತುಂಬದವರಿಗೆ ಲೂವ್ರ್, ಓರ್ಸೆ, ವರ್ಸಾಯ್, ವಿಜಯ ಕಮಾನು ಎಲ್ಲ ಉಚಿತ, ಯಾವ ದೇಶದವರಾದರೂ ಸರಿ. ಮಕ್ಕಳ ಜೊತೆ ಹೋಗುವವರು ದಯವಿಟ್ಟು ಇದನ್ನು ನೆನಪಿಡಿ. ಪಾಸ್‌ಪೋರ್ಟ್ ಜೊತೆಗಿದ್ದರೆ ಸಾಕು.

ನಾನು ಬಿಡಿ ಟಿಕೆಟ್ ಪರ. ದಿನಕ್ಕೆ ಒಂದೇ ಮ್ಯೂಸಿಯಂ ನೋಡುವವಳು ನಾನು. ಒಂದು ಚಿತ್ರದ ಮುಂದೆ ಅರ್ಧ ಗಂಟೆ ಕೂರುವ ಅಭ್ಯಾಸ. ಮಂಗಳವಾರ ಓರ್ಸೆ, ಬುಧವಾರ ಸಂಜೆ ಲೂವ್ರ್. ಬುಧವಾರ, ಶುಕ್ರವಾರ ಲೂವ್ರ್ ರಾತ್ರಿ 9ರ ತನಕ ತೆರೆದಿರುತ್ತದೆ, ಗದ್ದಲವೂ ಕಡಿಮೆ. ನಾವು ಕೊಟ್ಟಿದ್ದು 22 ಯೂರೋ. 2026ರ ಜನವರಿಯಿಂದ ಯುರೋಪಿನ ಹೊರಗಿನಿಂದ ಬರುವವರಿಗೆ 32 ಆಗಿದೆ. ಹಾಗಾಗಿ ದಿನಕ್ಕೆ ಮೂರು ಕಡೆ ಸರಸರ ಓಡುವವರಿದ್ದರೆ ಈಗ ಪಾಸಿನ ಲೆಕ್ಕ ಇನ್ನೊಮ್ಮೆ ಹಾಕಿ ನೋಡಬಹುದು. ಬುಧವಾರ ಶುರು ಮಾಡಿ, ಲೂವ್ರ್ ಸಮಯ ಊರಲ್ಲಿದ್ದಾಗಲೇ ಹಿಡಿದಿಟ್ಟುಕೊಳ್ಳಿ. ನೋತ್ರ್ ದಾಮ್ ಚರ್ಚು 2024ರ ಡಿಸೆಂಬರ್‌ನಲ್ಲಿ ಮತ್ತೆ ತೆರೆದಿದೆ, ಒಳಗೆ ಹೋಗಲು ದುಡ್ಡಿಲ್ಲ, ಅದಕ್ಕೆ ಯಾವ ಪಾಸೂ ಬೇಡ.

ಅಕ್ಕ ಮುಂದಿನ ಸಲಕ್ಕೆ ಈಗಲೇ ವಿಮಾನ ನೋಡುತ್ತಿದ್ದಾಳೆ. ಸೋಮವಾರ ಬೆಳಗ್ಗೆ ಇಳಿಯುವುದನ್ನು ಮಾತ್ರ. ನಮ್ಮ ಕಾರ್ಡುಗಳು ಇನ್ನೂ ಇವೆ, ಕಿವಿ ಇಲ್ಲದ ಫೋಟೊ ಸಮೇತ. ಮತ್ತೆ ಹೋದರೆ ಅದಕ್ಕೇ ಪಾಸು ತುಂಬಿಸಬಹುದು, ಆ 5 ಯೂರೋ ಇನ್ನೊಮ್ಮೆ ಕೊಡಬೇಕಿಲ್ಲ.