ಸೌಂಡ್‌ಬಾರ್ ಸೆಟ್, ಸಾದಾ 5.1 ರಿಸೀವರ್, ಅಟ್ಮಾಸ್ 7.2 ರಿಸೀವರ್: ಮೂರನ್ನೂ ಒಂದೇ ಟಿವಿಗೆ ಹಾಕಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸಾದಾ 5.1 ರಿಸೀವರ್‌ಗೆ. ರಿಸೀವರ್ ಅಂದರೆ ಟಿವಿ, ಪ್ಲೇಯರ್‌ಗಳ ಸದ್ದನ್ನು ಪಡೆದು ಸುತ್ತಲಿನ ಸ್ಪೀಕರ್‌ಗಳಿಗೆ ಹಂಚುವ ಆಂಪ್ಲಿಫೈಯರ್ ಪೆಟ್ಟಿಗೆ. 5.1 ಅಂದರೆ ಐದು ಸ್ಪೀಕರ್, ಒಂದು ಸಬ್‌ವೂಫರ್. ಅದರ ಎದುರಿಗೆ ಇಟ್ಟು ನೋಡಿದ್ದು ಎರಡು. ಒಂದು, ಹಿಂದಿನ ಎರಡು ವೈರ್‌ಲೆಸ್ ಸ್ಪೀಕರ್ ಮತ್ತು ಸಬ್‌ವೂಫರ್ (ಗುಡುಗಿನಂಥ ತಗ್ಗಿನ ಸದ್ದಿನ ಸ್ಪೀಕರ್, ಮುಂದೆ ಬರೀ ಸಬ್) ಸಮೇತ ಬರುವ ಸೌಂಡ್‌ಬಾರ್. ಇನ್ನೊಂದು, ಅಟ್ಮಾಸ್‌ಗೆಂದು (ತಲೆಯ ಮೇಲಿನಿಂದಲೂ ಸದ್ದು ಕೇಳಿಸುವ ಡಾಲ್ಬಿ ವ್ಯವಸ್ಥೆ) ಮೇಲಿನ ಸ್ಪೀಕರ್‌ಗಳನ್ನೂ ನಡೆಸುವ 7.2 ರಿಸೀವರ್. ಟಿವಿ ಒಂದೇ, ಕೋಣೆ ಒಂದೇ (ಸುಮಾರು 4 ಮೀಟರ್ ಉದ್ದ, ಮೂರೂವರೆ ಅಗಲ), ಹಾಕಿ ನೋಡಿದ ದೃಶ್ಯಗಳೂ ಅವೇ. ಪೋರ್ಟ್ ಎಷ್ಟು, ಚಾನೆಲ್ ಎಷ್ಟು ಎಂಬುದೆಲ್ಲ ಡಬ್ಬದ ಮೇಲೇ ಬರೆದಿರುತ್ತದೆ, ಅದನ್ನು ಬಿಡೋಣ.

ಡಬ್ಬದ ಮೇಲಿನ ಒಂದು ಸಂಖ್ಯೆಯನ್ನು ಮಾತ್ರ ಬಿಡುವ ಹಾಗಿಲ್ಲ, ಅದು ವ್ಯಾಟ್. ಒಂದೇ ರಿಸೀವರ್‌ಗೆ ಒಂದು ಕಡೆ 175 ವ್ಯಾಟ್, ಇನ್ನೊಂದು ಕಡೆ 80 ವ್ಯಾಟ್ ಎಂದು ಬರೆದಿರುವುದುಂಟು. ಎರಡೂ ಸುಳ್ಳಲ್ಲ. ದೊಡ್ಡದು 6 ಓಮ್ (ಸ್ಪೀಕರ್‌ನ ವಿದ್ಯುತ್ ತಡೆ), 1 ಕಿಲೋಹರ್ಟ್ಸ್, ಒಂದೇ ಚಾನೆಲ್, ಶೇ 10ರಷ್ಟು ಡಿಸ್ಟಾರ್ಷನ್ (ಸದ್ದು ಕೆಡುವುದು) ಇಟ್ಟುಕೊಂಡು ಅಳೆದದ್ದು. ಚಿಕ್ಕದು 8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ, ಎರಡು ಚಾನೆಲ್ ಒಟ್ಟಿಗೆ, ಡಿಸ್ಟಾರ್ಷನ್ ಶೇ 0.1ಕ್ಕಿಂತ ಕಡಿಮೆ ಇರುವಾಗ ಅಳೆದದ್ದು. ನೋಡಬೇಕಾದದ್ದು ಚಿಕ್ಕದನ್ನು. ಐದೂ ಚಾನೆಲ್ ಒಟ್ಟಿಗೆ ದುಡಿದರೆ ಅದೂ ಇಳಿಯುತ್ತದೆ. ಇಳಿದರೂ ಚಿಂತೆಯಿಲ್ಲ, ಲೆಕ್ಕ ಹಾಕಿ ನೋಡಿ: 87 ಡೆಸಿಬೆಲ್ ಸೆನ್ಸಿಟಿವಿಟಿಯ (ಒಂದು ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ ಸಿಗುವ ಸದ್ದು) ಸ್ಪೀಕರ್‌ಗೆ ಒಂದು ವ್ಯಾಟ್ ಕೊಟ್ಟರೆ 3 ಮೀಟರ್ ದೂರದಲ್ಲಿ ಸುಮಾರು 78 ಡೆಸಿಬೆಲ್ ಸಿಗುತ್ತದೆ. ಸಿನಿಮಾದ ಸರಾಸರಿ ಸದ್ದು 70 ಇದ್ದು, ಸ್ಫೋಟ ಬಂದಾಗ 90 ಮುಟ್ಟಿದರೂ ಆ ಗಳಿಗೆಗೆ ಬೇಕಾಗುವುದು 16 ವ್ಯಾಟ್ ಆಸುಪಾಸು. ಈ ಅಳತೆಯ ಕೋಣೆಯಲ್ಲಿ 7.2 ರಿಸೀವರ್‌ನ ಹೆಚ್ಚುವರಿ ವ್ಯಾಟ್ ಕಿವಿಗೆ ಗೊತ್ತೇ ಆಗುವುದಿಲ್ಲ.

ಈಗ ನಿಜವಾದ ತಲೆನೋವಿಗೆ ಬರೋಣ. ಮೂರರ ಹಣೆಬರಹವನ್ನೂ ತೀರ್ಮಾನಿಸಿದ್ದು ಸದ್ದಿನ ಗುಣವಲ್ಲ, ಟಿವಿಯಿಂದ ಸದ್ದು ವಾಪಸ್ ಬರುವ ದಾರಿ.

ಎಚ್‌ಡಿಎಂಐ ಕೇಬಲ್‌ನಲ್ಲಿ ಚಿತ್ರ ಮತ್ತು ಸದ್ದು ಟಿವಿ ಕಡೆಗೆ ಹೋಗುತ್ತವೆ. ಟಿವಿಯೊಳಗಿನ ಆ್ಯಪ್‌ಗಳ ಸದ್ದು ಅದೇ ಕೇಬಲ್‌ನಲ್ಲಿ ಹಿಂದಕ್ಕೆ ಬರಬೇಕು. ಅದಕ್ಕೆಂದೇ 2009ರ ಎಚ್‌ಡಿಎಂಐ 1.4ರಲ್ಲಿ ಎಆರ್‌ಸಿ (ಆಡಿಯೊ ರಿಟರ್ನ್ ಚಾನೆಲ್) ಬಂತು. ಆಮೇಲೆ 2017ರ 2.1ರಲ್ಲಿ ಅದರ ಸುಧಾರಿತ ರೂಪ ಇಎಆರ್‌ಸಿ ಬಂತು. ಎಆರ್‌ಸಿಯನ್ನು ಎಬ್ಬಿಸುವುದು ಸಿಇಸಿ ಎಂಬ ಇನ್ನೊಂದು ವ್ಯವಸ್ಥೆ. ಸಿಇಸಿ ಅಂದರೆ ಟಿವಿ, ರಿಸೀವರ್, ಸ್ಟ್ರೀಮಿಂಗ್ ಸ್ಟಿಕ್, ಪ್ಲೇಯರ್, ಸೆಟ್‌ಟಾಪ್ ಬಾಕ್ಸ್ ಎಲ್ಲವೂ ಒಂದೇ ತಂತಿಯಲ್ಲಿ ಮಾತಾಡಿಕೊಳ್ಳುವ ಏರ್ಪಾಡು. ಒಬ್ಬ ಕೂಗಿದರೆ ಎಲ್ಲರಿಗೂ ಕೇಳುತ್ತದೆ. ಯಾವುದೋ ಸ್ಟಿಕ್ ಅಪ್‌ಡೇಟ್‌ಗೆಂದು ಎದ್ದು "ನಾನಿದ್ದೇನೆ" ಎಂದರೆ ಟಿವಿ ಅತ್ತ ತಿರುಗುತ್ತದೆ, ಎಆರ್‌ಸಿ ಕಡಿಯುತ್ತದೆ, ಸದ್ದು ಟಿವಿಯ ಸ್ವಂತ ಸ್ಪೀಕರ್‌ಗೆ ಹಾರುತ್ತದೆ. ಪ್ರತಿ ಕಂಪನಿಯೂ ಸಿಇಸಿಗೆ ತನ್ನದೇ ಹೆಸರಿಟ್ಟುಕೊಂಡಿದೆ. ಹಾಗಾಗಿ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಹುಡುಕುವುದೇ ಅರ್ಧ ಕೆಲಸ.

ಸೌಂಡ್‌ಬಾರ್ ಸೋತಿದ್ದು ಇಲ್ಲೇ. ಅದಕ್ಕೆ ಬರುವ ಸದ್ದು ಹೆಚ್ಚುಕಡಿಮೆ ಎಲ್ಲ ಈ ಒಂದೇ ದಾರಿಯಲ್ಲಿ ಬರಬೇಕು, ದಾರಿ ಕಟ್ಟಾದರೆ ಬಾರ್ ಮೌನ. ರಿಸೀವರ್‌ನಲ್ಲಿ ಪ್ಲೇಯರ್, ಸ್ಟಿಕ್ ಎಲ್ಲವನ್ನೂ ನೇರ ರಿಸೀವರ್‌ನ ಬೆನ್ನಿಗೇ ಚುಚ್ಚಬಹುದು. ಟಿವಿಗೆ ಹೋಗುವುದು ಚಿತ್ರ ಮಾತ್ರ. ಎಆರ್‌ಸಿ ಬೇಕಾಗುವುದು ಟಿವಿಯ ಸ್ವಂತ ಆ್ಯಪ್‌ಗಳಿಗಷ್ಟೇ. ಅದೂ ಕೈಕೊಟ್ಟರೆ ಆಪ್ಟಿಕಲ್ ಕೇಬಲ್ ಇದೆ. ಅದರಲ್ಲಿ ಡಾಲ್ಬಿ ಡಿಜಿಟಲ್ 5.1 ಬರುತ್ತದೆ, ಆ್ಯಪ್‌ಗಳು ಬಳಸುವ ಅದರ ಹೊಸ ರೂಪ ಡಾಲ್ಬಿ ಡಿಜಿಟಲ್ ಪ್ಲಸ್ ಬರುವುದಿಲ್ಲ. ಟಿವಿಯೇ ಪರಿವರ್ತಿಸಿ ಕೊಟ್ಟರೆ ಹೆಚ್ಚಿನವರಿಗೆ ವ್ಯತ್ಯಾಸವೂ ತಿಳಿಯದು.

ಎಆರ್‌ಸಿ ಕೆಟ್ಟಾಗ ರಿಪೇರಿಯ ಕ್ರಮ ಹೀಗೆ. ರಿಮೋಟ್‌ನಲ್ಲಿ ಆಫ್ ಮಾಡಿದರೆ ಸಾಲದು, ಟಿವಿ, ರಿಸೀವರ್, ಉಳಿದ ಪೆಟ್ಟಿಗೆಗಳು ಎಲ್ಲದರ ಪ್ಲಗ್ ಗೋಡೆಯಿಂದ ಕಿತ್ತು ಐದು ನಿಮಿಷ ಬಿಡಬೇಕು. ಆಮೇಲೆ ಟಿವಿ ಮತ್ತು ರಿಸೀವರ್ ಎರಡನ್ನೇ ಜೋಡಿಸಬೇಕು. ಟಿವಿಯಲ್ಲಿ ಎಆರ್‌ಸಿ ಎಂದು ಬರೆದಿರುವ ಪೋರ್ಟ್, ರಿಸೀವರ್‌ನಲ್ಲಿ ಎಆರ್‌ಸಿ ಎಂದು ಬರೆದಿರುವ ಔಟ್ ಪೋರ್ಟ್. ಎರಡು ಔಟ್ ಇರುವ ರಿಸೀವರ್‌ನಲ್ಲಿ ಎರಡನೆಯದಕ್ಕೆ ಸಾಮಾನ್ಯವಾಗಿ ಎಆರ್‌ಸಿ ಇರುವುದಿಲ್ಲ, ಬಹಳ ಜನ ಎಡವುವುದು ಇಲ್ಲೇ. ಮೊದಲು ಟಿವಿ, ಆಮೇಲೆ ರಿಸೀವರ್ ಹಾಕಿ, ಎರಡರಲ್ಲೂ ಸಿಇಸಿ ಆನ್ ಮಾಡಿ, ರಿಸೀವರ್ ಮೆನುವಿನಲ್ಲಿ ಎಆರ್‌ಸಿಯನ್ನೂ ಆನ್ ಮಾಡಿ. ಟಿವಿ ಆ್ಯಪ್‌ನ ಸದ್ದು ಬಂದ ಮೇಲೆ ಉಳಿದ ಪೆಟ್ಟಿಗೆಗಳನ್ನು ಒಂದೊಂದಾಗಿ ಸೇರಿಸುತ್ತಾ ಹೋಗಿ, ಒಂದೊಂದು ಸೇರಿಸಿದ ಮೇಲೂ ಟಿವಿಯನ್ನು ಆರಿಸಿ ಹಚ್ಚಿ ನೋಡಿ. ಯಾವುದು ಸೇರಿದಾಗ ಕೆಡುತ್ತದೋ ಅದರ ಸಿಇಸಿಯನ್ನು ಶಾಶ್ವತವಾಗಿ ಆಫ್ ಮಾಡಿಬಿಡಿ.

ಸದ್ದು ಬರುತ್ತಿದೆ, ಆದರೆ ಹಿಂದಿನ ಸ್ಪೀಕರ್‌ಗಳಿಗೆ ಜೀವವಿಲ್ಲ ಎಂದರೆ ಸಾಮಾನ್ಯವಾಗಿ ಟಿವಿಯ ಡಿಜಿಟಲ್ ಆಡಿಯೊ ಔಟ್‌ಪುಟ್ ಪಿಸಿಎಂನಲ್ಲಿದೆ (ಸದ್ದನ್ನು ಟಿವಿಯೇ ಬಿಚ್ಚಿ ಕಳಿಸುವ ವಿಧಾನ) ಎಂದರ್ಥ. ಸಾದಾ ಎಆರ್‌ಸಿಯಲ್ಲಿ ಪಿಸಿಎಂ ಎಂದರೆ ಎರಡೇ ಚಾನೆಲ್. ಸದ್ದನ್ನು ಬಿಚ್ಚದೆ ಹಾಗೇ ದಾಟಿಸುವ ಪಾಸ್‌ಥ್ರೂ ಅಥವಾ ಬಿಟ್‌ಸ್ಟ್ರೀಮ್‌ಗೆ ಬದಲಿಸಬೇಕು. ರಿಸೀವರ್‌ನಲ್ಲಿ ಇನ್ಫೋ ಬಟನ್ ಒತ್ತಿದರೆ ಏನು ಬರುತ್ತಿದೆ, ಎಷ್ಟು ಚಾನೆಲ್ ಎಂದು ಮುಖದ ಮೇಲೇ ತೋರಿಸುತ್ತದೆ. ಸೌಂಡ್‌ಬಾರ್ ಒಂದು ಬಣ್ಣದ ದೀಪ ಹಚ್ಚಿ ಸುಮ್ಮನಾಗುತ್ತದೆ. ಆ ಬಣ್ಣದ ಅರ್ಥಕ್ಕೆ ಕೈಪಿಡಿ ಹುಡುಕಬೇಕು. ಆಗಾಗ ಅರೆಕ್ಷಣ ಸದ್ದು ಕಡಿದು ಬರುತ್ತಿದ್ದರೆ 2 ಮೀಟರ್ ಒಳಗಿನ ಅಲ್ಟ್ರಾ ಹೈ ಸ್ಪೀಡ್ ಕೇಬಲ್ ಹಾಕಿ ನೋಡಿ. ಆಗಲೂ ನಿಲ್ಲದಿದ್ದರೆ ಇಎಆರ್‌ಸಿ ಆಫ್ ಮಾಡಿ ಸಾದಾ ಎಆರ್‌ಸಿಗೆ ಇಳಿಯಿರಿ. ಆ್ಯಪ್‌ಗಳು ಅಟ್ಮಾಸ್ ಕಳಿಸುವುದು ಡಾಲ್ಬಿ ಡಿಜಿಟಲ್ ಪ್ಲಸ್‌ನಲ್ಲಿ, ಟಿವಿ ಬಿಟ್ಟುಕೊಟ್ಟರೆ ಅದು ಎಆರ್‌ಸಿಯಲ್ಲೂ ಬರುತ್ತದೆ. ಇಎಆರ್‌ಸಿ ಬೇಕೇಬೇಕು ಎನಿಸುವುದು ಡಿಸ್ಕ್‌ನ ಟ್ರೂಎಚ್‌ಡಿ (ಗುಣ ಕಳೆಯದ ಡಾಲ್ಬಿ) ಸದ್ದನ್ನು ಟಿವಿ ಮೂಲಕ ತರುವವರಿಗೆ.

ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ ಆಗುವುದು ಇದೇ ಕಾಯಿಲೆಯ ಇನ್ನೊಂದು ಮುಖ. ಮಾತು ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂದೆ ಬಂದರೆ ನೋಡುವವರಿಗೆ ಗೊತ್ತಾಗುತ್ತದೆ, ಹಿಂದೆ ಬಿದ್ದರೆ ಸುಮಾರು 125ರವರೆಗೆ ಮನಸ್ಸು ಸಹಿಸಿಕೊಳ್ಳುತ್ತದೆ. ಮಾತು ಮುಂದೆ ಓಡುತ್ತಿದ್ದರೆ ಚಿಕಿತ್ಸೆ ಸುಲಭ, ಆಡಿಯೊ ಡಿಲೇಯನ್ನು 40, 80 ಹೀಗೆ ಏರಿಸುತ್ತಾ ಹೋದರಾಯಿತು. ಹಿಂದೆ ಬೀಳುತ್ತಿದ್ದರೆ ಡಿಲೇ ಕೆಲಸಕ್ಕೆ ಬಾರದು, ಅದು ಸದ್ದನ್ನು ಇನ್ನಷ್ಟು ತಡ ಮಾಡಬಲ್ಲದೇ ಹೊರತು ಬೇಗ ಮಾಡಲಾರದು. ಆಗ ಟಿವಿ ಸದ್ದನ್ನು ಬಿಚ್ಚಿ ಮತ್ತೆ ಕಟ್ಟುವುದನ್ನು ತಪ್ಪಿಸಬೇಕು, ಅಂದರೆ ಪಾಸ್‌ಥ್ರೂ ಹಾಕಬೇಕು, ಇಲ್ಲವೇ ಪ್ಲೇಯರನ್ನು ನೇರ ರಿಸೀವರ್‌ಗೆ ಚುಚ್ಚಬೇಕು. ಎರಡನೆಯ ದಾರಿ ಸೌಂಡ್‌ಬಾರ್‌ಗೆ ಸಿಗುವುದು ಅದಕ್ಕೆ ಇನ್‌ಪುಟ್ ಇದ್ದರೆ ಮಾತ್ರ. ಇದ್ದರೂ ಹೆಚ್ಚೆಂದರೆ ಒಂದೋ ಎರಡೋ.

ಸೌಂಡ್‌ಬಾರ್‌ಗೆ ಸಲ್ಲಬೇಕಾದದ್ದು ಸಲ್ಲಲಿ. ಡಬ್ಬ ಬಿಚ್ಚಿ ಅರ್ಧ ಗಂಟೆಯಲ್ಲಿ ಹಾಡುತ್ತದೆ. ಸಣ್ಣ ವಾಲ್ಯೂಮ್‌ನಲ್ಲೂ ಮಾತು ಸ್ಪಷ್ಟ. ಬಿಸಿಯಾಗುವುದಿಲ್ಲ, ರಿಸೀವರ್‌ಗಾದರೆ ತಲೆ ಮೇಲೆ 10ರಿಂದ 15 ಸೆಂಟಿಮೀಟರ್ ಗಾಳಿ ಬಿಡಲೇಬೇಕು. ಆದರೆ ಹಿಂದಿನ ಸ್ಪೀಕರ್ "ವೈರ್‌ಲೆಸ್" ಎಂಬ ಮಾತನ್ನು ಪೂರ್ತಿ ನಂಬಬೇಡಿ. ಪ್ರತಿಯೊಂದಕ್ಕೂ ಕರೆಂಟ್ ಪ್ಲಗ್ ಬೇಕು. ಸೋಫಾದ ಹಿಂದೆ ಪ್ಲಗ್ ಇಲ್ಲದ ಮನೆಯಲ್ಲಿ ಎಕ್ಸ್‌ಟೆನ್ಶನ್ ಎಳೆಯುವ ಬದಲು ಸ್ಪೀಕರ್ ವೈರನ್ನೇ ಎಳೆಯಬಹುದು. ಮೇನ್ ಬಾರ್‌ನ ಬೋರ್ಡ್ ಸತ್ತರೆ ಹಿಂದಿನ ಸ್ಪೀಕರ್, ಸಬ್ ಎರಡೂ ಅನಾಥ. ಬೇರೆ ಯಾವುದಕ್ಕೂ ಜೋಡಿಯಾಗುವುದಿಲ್ಲ.

ವೈರಿಂಗ್‌ಗೆ ಹೆದರುವವರಿಗೆ: 6ರಿಂದ 8 ಓಮ್ ಸ್ಪೀಕರ್, 10 ಮೀಟರ್ ಒಳಗಿನ ದೂರ ಆದರೆ 1.5 ಚದರ ಮಿಲಿಮೀಟರ್ ತಾಮ್ರದ ವೈರ್ ಧಾರಾಳ ಸಾಕು. ಅಗ್ಗದ ಸುರುಳಿಗಳಲ್ಲಿ ತಾಮ್ರ ಬಳಿದ ಅಲ್ಯೂಮಿನಿಯಂ ಇರುತ್ತದೆ. ತುದಿಯನ್ನು ಚಾಕುವಿನಿಂದ ಕೆರೆದರೆ ಬೆಳ್ಳಗೆ ಕಾಣುತ್ತದೆ, ತೆಗೆದುಕೊಳ್ಳಬೇಡಿ. ತುದಿ 10 ಮಿಲಿಮೀಟರ್ ಸುಲಿದು, ಎಳೆಗಳನ್ನು ಬಿಗಿಯಾಗಿ ಹುರಿಮಾಡಿ ತೂರಿಸಿ. ಕೂದಲಿನಂಥ ಒಂದು ಎಳೆ ಪಕ್ಕದ ಟರ್ಮಿನಲ್‌ಗೆ ತಾಗಿದರೂ ರಿಸೀವರ್ ಕೆಂಪು ದೀಪ ಮಿಣುಕಿಸಿ ಆರಿಹೋಗುತ್ತದೆ. ಅದು ಕೆಟ್ಟಿಲ್ಲ, ತನ್ನನ್ನು ಕಾಪಾಡಿಕೊಳ್ಳುತ್ತಿದೆ. ಕೆಂಪು ಕಪ್ಪು ಅದಲುಬದಲಾದರೆ ಏನೂ ಸುಡುವುದಿಲ್ಲ, ಬೇಸ್ ತೆಳುವಾಗುತ್ತದೆ. ಅನುಮಾನವಿದ್ದರೆ ರಿಸೀವರ್‌ನ ತುದಿ ಬಿಡಿಸಿ 1.5 ವೋಲ್ಟ್ ಸೆಲ್ ಅನ್ನು ಅರೆಕ್ಷಣ ತಾಗಿಸಿ. ಸೆಲ್‌ನ ಪ್ಲಸ್ ಕೆಂಪಿಗೆ ತಾಗಿದಾಗ ವೂಫರ್‌ನ ಕೋನ್ ಹೊರಗೆ ಜಿಗಿದರೆ ಸರಿ.

ಸದ್ದನ್ನು ಕೋಣೆಗೆ ಹೊಂದಿಸಲು ರಿಸೀವರ್‌ನ ಮೈಕ್ ಇಟ್ಟು ಅಳೆಯುವ ಕೆಲಸದಲ್ಲಿ 5.1 ಮತ್ತು 7.2 ರಿಸೀವರ್‌ಗಳ ನಡುವೆ ವ್ಯತ್ಯಾಸವಿದೆ. ದುಬಾರಿಯದು ಹೆಚ್ಚು ಜಾಗಗಳಲ್ಲಿ ಅಳೆಯುತ್ತದೆ, ಸಬ್‌ನ ಗುಡುಗನ್ನು ಚೆನ್ನಾಗಿ ಹದ ಮಾಡುತ್ತದೆ. ಅದನ್ನು ಒಪ್ಪಬೇಕು. ಆದರೆ ಸಾದಾ ರಿಸೀವರ್‌ನಲ್ಲೂ ಮೈಕನ್ನು ಸೋಫಾದ ಬೆನ್ನಿಗೆ ಒರಗಿಸದೆ ಟ್ರೈಪಾಡ್ ಮೇಲೆ ಕಿವಿಯ ಎತ್ತರಕ್ಕೆ ಇಟ್ಟು, ಫ್ಯಾನ್ ಆರಿಸಿ ಅಳೆದರೆ ಮುಕ್ಕಾಲು ಪಾಲು ಫಲ ಸಿಗುತ್ತದೆ. ಮುಗಿದ ಮೇಲೆ ಮೂರು ಕಡೆ ಕಣ್ಣು ಹಾಯಿಸಿ. ಮುಂದಿನ ಸ್ಪೀಕರ್‌ಗಳನ್ನು ಲಾರ್ಜ್ ಎಂದು ಗುರುತಿಸಿದ್ದರೆ ಸ್ಮಾಲ್ ಮಾಡಿ ಕ್ರಾಸ್‌ಓವರ್ (ಇದಕ್ಕಿಂತ ತಗ್ಗಿನ ಸದ್ದು ಸಬ್‌ಗೆ ಹೋಗುವ ಗಡಿ) 80 ಹರ್ಟ್ಸ್‌ಗೆ ಇಡಿ. ಸಬ್‌ನ ಮಟ್ಟ ಮೈನಸ್ 12 ಎಂದು ತೋರಿಸಿದರೆ ಅಳತೆ ತಳ ಮುಟ್ಟಿದೆ ಎಂದರ್ಥ, ಸಬ್‌ನ ಬೆನ್ನಿನ ಗುಂಡಿ ಇಳಿಸಿ ಮತ್ತೆ ಅಳೆಯಿರಿ. ಸಬ್ 3 ಮೀಟರ್ ದೂರದಲ್ಲಿದ್ದರೂ 4 ಅಥವಾ 5 ಮೀಟರ್ ಎಂದು ತೋರಿಸಬಹುದು. ಅದನ್ನು ತಿದ್ದಲು ಹೋಗಬೇಡಿ, ಸಬ್‌ನೊಳಗಿನ ಸರ್ಕ್ಯೂಟ್ ಮಾಡುವ ತಡವನ್ನೂ ದೂರದ ಲೆಕ್ಕಕ್ಕೆ ಸೇರಿಸಿಕೊಂಡಿದೆ.

ಅಟ್ಮಾಸ್ ವಿಷಯ ಚಾವಣಿಯ ಮೇಲೆ ನಿಂತಿದೆ. ಸದ್ದನ್ನು ಮೇಲಕ್ಕೆ ಎಸೆದು ಚಾವಣಿಯಿಂದ ಪುಟಿಸುವ ಸ್ಪೀಕರ್‌ಗೆ ಸಮತಟ್ಟಾದ, ಗಟ್ಟಿಯಾದ, ಎರಡೂವರೆ ಮೂರು ಮೀಟರ್ ಎತ್ತರದ ಚಾವಣಿ ಬೇಕು. ಇಳಿಜಾರಿನ ಚಾವಣಿ, ತೊಲೆ ಇರುವಲ್ಲಿ ಅದು ದಂಡ. ಚಾವಣಿಗೇ ಸ್ಪೀಕರ್ ಹಾಕಿಸಲು ಸಿದ್ಧರಿದ್ದರೆ 7.2 ತೆಗೆದುಕೊಳ್ಳಿ, ಅಲ್ಲಿ ಸಾದಾ ರಿಸೀವರ್ ಪೈಪೋಟಿ ಕೊಡಲಾರದು.

ಗೇಮ್ ಆಡುವವರು 4ಕೆ 120 ಹರ್ಟ್ಸ್‌ಗಾಗಿ ರಿಸೀವರ್ ಮೇಲೆ ಹೆಚ್ಚು ಸುರಿಯಬೇಕಿಲ್ಲ, ಕನ್ಸೋಲನ್ನು ಟಿವಿಗೇ ಚುಚ್ಚಿ ಸದ್ದನ್ನು ಇಎಆರ್‌ಸಿಯಲ್ಲಿ ತಂದರಾಯಿತು. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಗಮನಿಸಿ, 2020ರಲ್ಲಿ ಬಂದ ಕೆಲವು 8ಕೆ ರಿಸೀವರ್‌ಗಳಲ್ಲಿ ಇದೇ 4ಕೆ 120ಕ್ಕೆ ಪರದೆ ಕಪ್ಪಾಗುವ ದೋಷವಿತ್ತು.

ನನ್ನ ಬಳಕೆ ಹೆಚ್ಚಾಗಿ ರಾತ್ರಿ, ಸಣ್ಣ ವಾಲ್ಯೂಮ್‌ನಲ್ಲಿ, ಆ್ಯಪ್‌ಗಳ ಸಿನಿಮಾ, ಜೊತೆಗೆ ಒಂದಿಷ್ಟು ಸಂಗೀತ. ಗೇಮ್ ಇಲ್ಲ, ಚಾವಣಿ ಕೊರೆಯುವ ಮನಸ್ಸೂ ಇಲ್ಲ. ಹಾಗಾಗಿ ಒಟ್ಟು ಹಣದಲ್ಲಿ ರಿಸೀವರ್‌ಗೆ ಶೇ 30, ಮುಂದಿನ ಮೂರು ಸ್ಪೀಕರ್‌ಗೆ 35, ಸಬ್‌ಗೆ 25, ಹಿಂದಿನ ಜೋಡಿಗೆ ಉಳಿದ 10. 7.2 ತೆಗೆದುಕೊಂಡಿದ್ದರೆ ರಿಸೀವರ್ ಒಂದೇ ಅರ್ಧ ನುಂಗುತ್ತಿತ್ತು, ಕತ್ತರಿ ಬೀಳುತ್ತಿದ್ದುದು ಸೆಂಟರ್ ಸ್ಪೀಕರ್‌ಗೆ. ಸಿನಿಮಾದ ಮಾತಿನ ಬಹುಪಾಲು ಬರುವುದು ಅದೊಂದರಿಂದಲೇ. ಅದನ್ನು ಶೆಲ್ಫ್‌ನ ಒಳಗೆ ತಳ್ಳದೆ ಅಂಚಿಗೆ ಸಮನಾಗಿ ತಂದು, ಮೂತಿಯನ್ನು ಕಿವಿಯ ಕಡೆ ಸ್ವಲ್ಪ ಎತ್ತಿ, ಮಟ್ಟವನ್ನು 2 ಡೆಸಿಬೆಲ್ ಏರಿಸಿದ ಮೇಲೆ ಸಬ್‌ಟೈಟಲ್ ಹಾಕಿಕೊಳ್ಳುವುದು ನಿಂತಿದೆ.