ಕ್ಯೋಟೋದ ಇಚಿವಾ: ಕೆಂಡದ ಮೇಲೆ ಸುಟ್ಟ ಮೋಚಿ

ಜಪಾನಿನ ಕ್ಯೋಟೋ ನಗರದ ಉತ್ತರ ಭಾಗದಲ್ಲಿ, ಇಮಾಮಿಯಾ ದೇಗುಲದ ಪೂರ್ವ ದ್ವಾರದ ಹೊರಗಿರುವ ಇಚಿವಾ, ಕ್ರಿ.ಶ. 1000ದಲ್ಲಿ ಆರಂಭವಾಯಿತೆಂದು ಹೇಳಲಾಗುವ ಸಿಹಿತಿನಿಸಿನ ಅಂಗಡಿ. ಇಲ್ಲಿ ಸಿಗುವುದು ಅಬುರಿ ಮೋಚಿ ಎಂಬ ಒಂದೇ ತಿನಿಸು; ಆದ್ದರಿಂದ ಏನು ತಿನ್ನಬೇಕೆಂಬ ಗೊಂದಲಕ್ಕೆ ಅವಕಾಶವಿಲ್ಲ.

ಅಂಟಕ್ಕಿಯನ್ನು ಬೇಯಿಸಿ ಕುಟ್ಟಿ ಮಾಡಿದ ಮೋಚಿಯನ್ನು ಹೆಬ್ಬೆರಳ ತುದಿಯಷ್ಟು ಚಿವುಟಿ, ಹುರಿದ ಸೋಯಾ ಹಿಟ್ಟಿನಲ್ಲಿ ಹೊರಳಿಸಿ, ಬಿದಿರುಕಡ್ಡಿಗೆ ಚುಚ್ಚಿ, ಇದ್ದಿಲಿನ ಕೆಂಡದ ಮೇಲೆ ಅಲ್ಲಲ್ಲಿ ಕಪ್ಪಾಗುವವರೆಗೆ ಸುಡುವ ಕೆಲಸವು ಅಂಗಡಿಯ ಮುಂಭಾಗದಲ್ಲಿಯೇ ನಡೆಯುವುದರಿಂದ, ತಟ್ಟೆ ಬರುವ ಮೊದಲೇ ಅದರ ಪರಿಮಳ ನಮ್ಮನ್ನು ತಲುಪುತ್ತದೆ. ಬಡಿಸುವಾಗ ಮೇಲೆ ಸಿಹಿಯಾದ ಬಿಳಿ ಮಿಸೊ (ಹುದುಗಿಸಿದ ಸೋಯಾ ಮುದ್ದೆ) ಸಾರವನ್ನು ಧಾರಾಳವಾಗಿ ಸುರಿಯುತ್ತಾರೆ. ಮೊದಲು ಸುಟ್ಟ ಅಂಚಿನ ನವಿರಾದ ಕಹಿ, ಅನಂತರ ಮೆತ್ತಗಿನ ಒಳಭಾಗ, ಕೊನೆಗೆ ಬೆಲ್ಲದ ಪಾಕಕ್ಕೆ ಚಿಟಿಕೆ ಉಪ್ಪು ಬಿದ್ದಾಗಿನಂಥ ರುಚಿ ನಾಲಿಗೆಯಲ್ಲಿ ಉಳಿಯುತ್ತದೆ. ಜೊತೆಗೆ ಕೊಡುವ ಬಿಸಿ ಚಹಾ ಆ ಸಿಹಿಯನ್ನು ಹದಕ್ಕೆ ತರುತ್ತದೆ.

ಇದನ್ನು ತಿಂದರೆ ರೋಗರುಜಿನ ದೂರವಾಗುತ್ತದೆಂಬುದು ಸ್ಥಳೀಯರ ನಂಬಿಕೆ. ಪಿಡುಗನ್ನು ಶಮನಗೊಳಿಸಲೆಂದು ಇದೇ ದೇಗುಲದಲ್ಲಿ ಏಪ್ರಿಲ್‌ನಲ್ಲಿ ಯಸುರಾಯ್ ಉತ್ಸವ ನಡೆಯುತ್ತದೆ. ಎದುರಿಗಿರುವ ಕಜಾರಿಯಾ ಎಂಬ ಹಳೆಯ ಅಂಗಡಿಯೂ ಇದೇ ತಿನಿಸನ್ನು ಮಾರುತ್ತದೆ. ಸಮಯವಿದ್ದವರು ಎರಡನ್ನೂ ಸವಿಯಬೇಕು. ಕಟ್ಟಿಸಿಕೊಂಡು ಹೋಗುವುದಕ್ಕಿಂತ, ಆರುವ ಮುನ್ನ ಅಲ್ಲಿಯೇ ಕುಳಿತು ತಿನ್ನುವುದು ಉತ್ತಮವೆಂಬುದು ನನ್ನ ಖಚಿತ ಅಭಿಪ್ರಾಯ.