ಹುಡುಗಿಯರ ಗೇಮಿಂಗ್ ಗುಂಪಿಗೆ ಡಿಸ್ಕಾರ್ಡ್ ಆಗುತ್ತಾ? ಒಂದೂವರೆ ವರ್ಷ ಬಳಸಿ ನೋಡಿದ್ದು

ಡಿಸ್ಕಾರ್ಡ್ ಅಂದರೆ ಗುಂಪಾಗಿ ಮೆಸೇಜ್ ಹಾಕುವ, ಮಾತಾಡುವ ಆ್ಯಪ್. ನನ್ನ ಕಡೆಯಿಂದ ಐದಕ್ಕೆ ನಾಲ್ಕು ಸ್ಟಾರ್. ಆದರೆ ಆ ನಾಲ್ಕು ಸ್ಟಾರ್ ಆ್ಯಪ್ ಹಾಕಿಕೊಂಡ ದಿನವೇ ಸಿಗುವುದಿಲ್ಲ. ಸೆಟ್ಟಿಂಗ್ಸ್ ಒಂದೊಂದಾಗಿ ತೆಗೆದು ನೋಡಿ, ನಿಯಮ ಬರೆದು, ತಪ್ಪಾದದ್ದನ್ನು ಅಳಿಸಿ ಮತ್ತೆ ಬರೆದು, ಎರಡು ಮೂರು ತಿಂಗಳು ಕಣ್ಣಿಟ್ಟು ಕಾದ ಮೇಲೆ ಸಿಗುತ್ತದೆ. ಅದಕ್ಕೇ ಈ ರಿವ್ಯೂ ಸ್ವಲ್ಪ ಉದ್ದ ಆಗಿದೆ. ನಿಮ್ಮ ಊರಲ್ಲೂ ಇಂಥದ್ದೊಂದು ಗುಂಪು ಕಟ್ಟುವ ಆಸೆ ಇದ್ದರೆ ಪೂರ್ತಿ ಓದಿ.

ನಾವು 43 ಜನ. ಶಿವಮೊಗ್ಗ, ಭದ್ರಾವತಿ, ಸಾಗರ, ತೀರ್ಥಹಳ್ಳಿ ಕಡೆಯವರು, ಹೊಸನಗರದ ಒಳಗಿನ ಹಳ್ಳಿಯವರೂ ಇದ್ದಾರೆ. ಜಾಸ್ತಿ ಕಾಲೇಜಿನವರು. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವರು ಒಬ್ಬರು, ಅಂಗನವಾಡಿ ಟೀಚರ್ ಒಬ್ಬರು, 52 ವರ್ಷದ ಒಬ್ಬ ಆಂಟಿ. ಆಂಟಿ ಆಡುವುದು ಲೂಡೋ ಮತ್ತು ಕ್ಯಾಂಡಿ ಕ್ರಷ್ ಮಾತ್ರ. "ಅದೂ ಒಂದು ಗೇಮಾ?" ಅಂತ ಕೇಳುವ ಹಾಗಿಲ್ಲ ಅನ್ನುವುದು ನಮ್ಮ ಮೊದಲ ನಿಯಮಗಳಲ್ಲಿ ಒಂದು.

ಇಂಥ ಗುಂಪು ಯಾಕೆ ಬೇಕಿತ್ತು ಅಂತ ಹೇಳುತ್ತೇನೆ. ಗೊತ್ತಿಲ್ಲದವರ ಜೊತೆ ಸ್ಕ್ವಾಡ್ ಗೇಮ್ ಆಡುವಾಗ ನಾನು ಮೈಕ್ ಆನ್ ಮಾಡಿ "ಎಡಗಡೆ ಇಬ್ಬರಿದ್ದಾರೆ" ಅಂದೆ, ಅಷ್ಟೇ. ಎರಡು ಸೆಕೆಂಡ್ ಎಲ್ಲರೂ ಸುಮ್ಮನಾದರು. ಆಮೇಲೆ "ಏ, ಹುಡುಗಿ ಕಣೋ" ಅಂತ ಶುರುವಾಯಿತು. ಮ್ಯಾಚ್ ಮುಗಿಯುವ ತನಕ ಬಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಅವತ್ತಿನಿಂದ ಎಂಟು ತಿಂಗಳು ನಾನು ಮೈಕ್ ಮುಟ್ಟಲಿಲ್ಲ. ನಮ್ಮ ಗುಂಪಿನಲ್ಲಿ ಯಾರನ್ನೇ ಕೇಳಿ, ಇಂಥದ್ದೊಂದು ಕತೆ ಇದ್ದೇ ಇರುತ್ತದೆ. ಹೆಸರು ಗಂಡಸರದ್ದು ಇಟ್ಟುಕೊಂಡು ಆಡುವವರೂ ಇದ್ದರು.

ಮೊದಲು ಒಂದು ಮೆಸೇಜಿಂಗ್ ಆ್ಯಪ್‌ನಲ್ಲಿ ಗುಂಪು ಮಾಡಿದ್ದೆವು. ಅಲ್ಲಿ ಎಲ್ಲರ ಫೋನ್ ನಂಬರ್ ಎಲ್ಲರಿಗೂ ಕಾಣುತ್ತಿತ್ತು. ಯಾರೋ ಒಬ್ಬರ ಅಣ್ಣನ ಗೆಳೆಯನಿಗೆ ಗುಂಪಿನ ನಂಬರ್‌ಗಳು ಸಿಕ್ಕಿ, ನಮ್ಮ ಒಬ್ಬಳಿಗೆ ಹನ್ನೊಂದು ದಿನ ರಾತ್ರಿ ಹೊತ್ತು ಫೋನ್ ಬಂತು. ಅವಳ ಮನೆಯವರು ಫೋನನ್ನೇ ಕಿತ್ತಿಟ್ಟುಕೊಂಡರು. ಅವಳು ಮಾಡಿದ ತಪ್ಪಾದರೂ ಏನು?

ಹಾಗಾಗಿ ಡಿಸ್ಕಾರ್ಡ್‌ಗೆ ಬಂದೆವು. 2015ರಲ್ಲಿ ಗೇಮ್ ಆಡುವವರಿಗಾಗಿಯೇ ಶುರುವಾದ ಆ್ಯಪ್ ಇದು. ಇಲ್ಲಿ ಕಾಣುವುದು ನೀವು ಇಟ್ಟುಕೊಂಡ ಹೆಸರು ಮಾತ್ರ, ನಂಬರ್ ಯಾರಿಗೂ ಕಾಣುವುದಿಲ್ಲ. ದುಡ್ಡು ಕೊಡಬೇಕಿಲ್ಲ. ನೈಟ್ರೋ ಅಂತ ದುಡ್ಡು ಕೊಟ್ಟು ತೆಗೆದುಕೊಳ್ಳುವ ಪ್ಲಾನ್ ಒಂದು ಇದೆ, ನಮಗೆ ಅದರ ಅಗತ್ಯ ಬಿದ್ದೇ ಇಲ್ಲ. ಒಂದೇ ಗುಂಪಿನೊಳಗೆ ಬೇರೆ ಬೇರೆ ಚಾನೆಲ್ (ಮಾತುಕತೆಯ ಕೋಣೆ ಇದ್ದ ಹಾಗೆ) ಮಾಡಿ, ಯಾರಿಗೆ ಯಾವುದು ಕಾಣಬೇಕು ಅಂತ ನಾವೇ ತೀರ್ಮಾನ ಮಾಡಬಹುದು. ನನಗೆ ಇದರಷ್ಟು ಉಪಯೋಗ ಬೇರೆ ಯಾವುದರಿಂದಲೂ ಆಗಿಲ್ಲ. ನಮ್ಮ ಚಾನೆಲ್‌ಗಳಿಗೆ ದಣಪೆ (ಬೇಲಿಯ ಬಾಗಿಲು), ಜಗಲಿ, ಒಳಮನೆ ಅಂತ ಹೆಸರಿಟ್ಟಿದ್ದೇವೆ. ದಣಪೆಯಲ್ಲಿ ನಿಯಮ ಓದಿ ಒಪ್ಪಬೇಕು. ಜಗಲಿಯಲ್ಲಿ ಒಂದೆರಡು ವಾರ ಎಲ್ಲರ ಜೊತೆ ಹರಟೆ. ಆಮೇಲೆ ಒಳಮನೆ. ಮಾತಾಡುವ ವಾಯ್ಸ್ ಚಾನೆಲ್‌ಗಳು ಇರುವುದು ಅಲ್ಲಿ.

ಒಳಗೆ ಯಾರನ್ನು ಬಿಡಬೇಕು ಅನ್ನುವುದರಲ್ಲಿ ನಾವು ಎಡವಿದ್ದೇವೆ. ಶುರುವಿನಲ್ಲಿ ವಾಯ್ಸ್ ಕಾಲ್ ಮಾಡಿ "ಹೆಂಗಸಿನ ದನಿ ಹೌದಾ" ಅಂತ ನೋಡುತ್ತಿದ್ದೆವು. ಒಬ್ಬಳದು ಸ್ವಲ್ಪ ದಪ್ಪ ದನಿ. ಎರಡು ಸಲ ಮಾತಾಡಿಸಿದ ಮೇಲೂ ಯಾರೋ "ಡೌಟು" ಅಂದರು. ಅವಳು ಗುಂಪು ಬಿಟ್ಟು ಹೋದಳು. ಹೊರಗೆ ಗಂಡಸರು ದನಿ ಕೇಳಿ ಬೈಯುತ್ತಾರೆ ಅಂತ ಓಡಿ ಬಂದವಳಿಗೆ ಇಲ್ಲಿ ನಾವೂ ದನಿಯನ್ನೇ ತೂಕ ಹಾಕಿ ಕಳಿಸಿದ್ದೆವು. ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನವೇ ಆ ಪದ್ಧತಿ ತೆಗೆದೆವು. ಆಮೇಲೆ ಒಬ್ಬರು ಟ್ರಾನ್ಸ್ ಮಹಿಳೆ ಸೇರಿದರು, ಅವರು ಕೇಳಿದ ಮೊದಲ ಪ್ರಶ್ನೆಯೇ "ದನಿ ಕೇಳ್ತೀರಾ?" ತಾನು ಗಂಡೋ ಹೆಣ್ಣೋ ಅನ್ನುವುದನ್ನು ಅವರವರೇ ಹೇಳಬಹುದು ಅಂತ 2014ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ನಾವು ಯಾರು ಪರೀಕ್ಷೆ ಮಾಡುವುದಕ್ಕೆ? ಆಧಾರ್ ಫೋಟೋ ಕೇಳೋಣ ಅಂತ ಒಬ್ಬರು ಅಂದಿದ್ದರು. ಅದನ್ನಂತೂ ಯಾರೂ ಮಾಡಬೇಡಿ. 43 ಜನರ ಆಧಾರ್ ಒಬ್ಬರ ಫೋನಿನಲ್ಲಿ ಇದ್ದರೆ, ಆ ಫೋನ್ ಕಳೆದ ದಿನ ಏನು ಗತಿ? ಈಗ ಒಳಗಿರುವವರು ಒಬ್ಬರು ಪರಿಚಯ ಹೇಳಬೇಕು, ಇಲ್ಲದಿದ್ದರೆ ಜಗಲಿಯಲ್ಲಿ ಎರಡು ವಾರ ಇರಬೇಕು, ಅಷ್ಟೇ. ನಾವು ನೋಡುವುದು ನಡತೆ.

ಡಿಸ್ಕಾರ್ಡ್‌ನಲ್ಲಿ ವೆರಿಫಿಕೇಶನ್ ಮಟ್ಟ ಅಂತ ಇದೆ. ಎಲ್ಲಕ್ಕಿಂತ ಮೇಲಿನದನ್ನು ಇಟ್ಟರೆ ಫೋನ್ ನಂಬರ್‌ಗೆ ಓಟಿಪಿ ಬಂದು ಪಕ್ಕಾ ಆದ ಅಕೌಂಟ್‌ಗಳು ಮಾತ್ರ ಮೆಸೇಜ್ ಹಾಕಬಹುದು. ಕೇಳಲು ತುಂಬಾ ಸೇಫ್ ಅನ್ನಿಸುತ್ತದೆ. ನಾವೂ ಹಾಗೇ ಇಟ್ಟೆವು. ಆಮೇಲೆ ಗೊತ್ತಾಯಿತು, ನಮ್ಮಲ್ಲಿ ಆರೇಳು ಹುಡುಗಿಯರಿಗೆ ಸ್ವಂತ ನಂಬರ್ ಇಲ್ಲ. ಸಿಮ್ ಅಪ್ಪನದು, ಓಟಿಪಿ ಹೋಗುವುದು ಅಣ್ಣನ ಫೋನಿಗೆ. ಸೇಫ್ಟಿಗೆ ಅಂತ ಹಾಕಿದ ಬೀಗ ಯಾರಿಗೆ ಜಾಗ ಬೇಕಿತ್ತೋ ಅವರನ್ನೇ ಹೊರಗೆ ಇಟ್ಟಿತ್ತು. ಒಂದು ಮೆಟ್ಟಿಲು ಇಳಿಸಿ, ಗುಂಪಿಗೆ ಬಂದು 10 ನಿಮಿಷ ಆದ ಮೇಲೆ ಮೆಸೇಜ್ ಹಾಕಬಹುದು ಅನ್ನುವುದಕ್ಕೆ ಬದಲಾಯಿಸಿದೆವು. ಜಗಲಿ ಹೇಗೂ ಇದೆಯಲ್ಲ.

ನಿಯಮಗಳ ವಿಷಯಕ್ಕೆ ಬರುತ್ತೇನೆ. "ಎಲ್ಲರನ್ನೂ ಗೌರವಿಸಿ" ಅಂತ ಬರೆದರೆ ಏನೂ ಆಗುವುದಿಲ್ಲ. ನಮ್ಮ ಕಡೆ ಯಾರೇ ಸಿಕ್ಕಿದರೂ ಮೊದಲ ಮಾತು "ಯಾವ ಊರಾಯ್ತು ನಿಮ್ದು?" ಎರಡನೆಯದು "ಯಾರ ಮನೆ?" ಪ್ರೀತಿಯಿಂದಲೇ ಕೇಳುವುದು, ಅದರಲ್ಲಿ ಕೆಟ್ಟದ್ದೇನೂ ಇಲ್ಲ. ಆದರೆ ಮಲೆನಾಡಿನಲ್ಲಿ ಒಂದು ಊರು ಅಂದರೆ ಎಷ್ಟೋ ಸಲ ಹತ್ತೇ ಮನೆ. ಊರಿನ ಹೆಸರು ಹೇಳಿದರೆ ಮನೆ ಗೊತ್ತಾಗುತ್ತದೆ, ಮನೆ ಗೊತ್ತಾದರೆ ಜಾತಿ ಗೊತ್ತಾಗುತ್ತದೆ, ಸಂಜೆ ಒಳಗೆ ಅಪ್ಪನ ಕಿವಿಗೂ ಬೀಳುತ್ತದೆ. ಸಾಗರದ ಕಡೆಯ ಒಬ್ಬಳು ಈ ಪ್ರಶ್ನೆ ಬಂದಾಗಲೆಲ್ಲ ಸುಮ್ನೆ ಆಫ್‌ಲೈನ್ ಹೋಗುತ್ತಿದ್ದಳು. ನಮಗೆ ಕಾರಣ ಹೊಳೆಯಲು ತಿಂಗಳು ಬೇಕಾಯಿತು. ಈಗ ನಿಯಮ ಹೀಗಿದೆ: ಊರು, ಮನೆತನ, ಕಾಲೇಜು, ಹಾಸ್ಟೆಲ್ ಕೇಳಬಾರದು. ಅವರಾಗಿ ಹೇಳಿದರೂ ಇನ್ನೊಬ್ಬರ ಹತ್ತಿರ ಹೇಳಬಾರದು. ತಾಲ್ಲೂಕಿನ ಹೆಸರು ಸಾಕು. ಈ ಒಂದು ಸಾಲು ಬರೆದ ಮೇಲೆ ಬಾಯಿ ಬಿಡದೇ ಇದ್ದ ಐದಾರು ಜನ ಮಾತಾಡಲು ಶುರು ಮಾಡಿದರು.

ಇನ್ನು ಆಟೋಮಾಡ್. 2022ರಲ್ಲಿ ಬಂದ ಫೀಚರ್. ಬೇಡದ ಪದಗಳ ಪಟ್ಟಿ ಕೊಟ್ಟರೆ ಅಂಥ ಮೆಸೇಜ್ ಹೋಗದಂತೆ ತಡೆಯುತ್ತದೆ. ಒಂದು ಪಟ್ಟಿಯಲ್ಲಿ 1000 ಪದ ಹಾಕಬಹುದು. ಕನ್ನಡದ ಬೈಗುಳಗಳನ್ನು ನಾವೇ ಕೂತು ಬರೆಯಬೇಕು, ಕನ್ನಡ ಅಕ್ಷರದಲ್ಲಿ ಒಂದು ಸಲ, ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕೈದು ಥರ. ಪದದ ಕೊನೆಗೆ ನಕ್ಷತ್ರದ ಗುರುತು (*) ಹಾಕುವುದನ್ನು ಮರೆಯಬೇಡಿ. ನಮ್ಮ ಭಾಷೆಯಲ್ಲಿ ಪದಕ್ಕೆ ಬಾಲ ಅಂಟುತ್ತದೆ ಅಲ್ವಾ, ನಕ್ಷತ್ರ ಇದ್ದರೆ ಬಾಲ ಏನೇ ಇದ್ದರೂ ಹಿಡಿಯುತ್ತದೆ. ಪಟ್ಟಿಯಲ್ಲಿ "ಮುಂಡೆ" ಇತ್ತು. ಗಂಡ ತೀರಿಕೊಂಡ ಹೆಂಗಸರನ್ನು ಚುಚ್ಚುವ ಪದ. ಗುಂಪಿನಲ್ಲಿ ಒಬ್ಬಳ ಅಮ್ಮ ಆ ಪದ ಕೇಳಿಸಿಕೊಂಡೇ ಇಬ್ಬರು ಮಕ್ಕಳನ್ನು ಸಾಕಿದವರು, ಅವಳೇ ಅದನ್ನು ಮೊದಲು ಸೇರಿಸಲು ಹೇಳಿದ್ದು. ಆದರೆ ಇಂಗ್ಲಿಷ್ ಅಕ್ಷರದಲ್ಲಿ "ಮುಂಡೆ"ಗೂ "ಮುಂದೆ"ಗೂ ಒಂದೇ ಸ್ಪೆಲ್ಲಿಂಗ್! ಆಟದ ನಡುವೆ "ಮುಂದೆ ಹೋಗು", "ಮುಂದೆ ಇದ್ದಾನೆ" ಅಂತ ಟೈಪ್ ಮಾಡಿದ್ದೆಲ್ಲ ಬ್ಲಾಕ್ ಆಯಿತು. ಮೈಕ್ ಬಳಸದೆ ಟೈಪ್ ಮಾಡಿಯೇ ಆಡುವವರಿಗೆ ಜಾಸ್ತಿ ತೊಂದರೆ. ಕೊನೆಗೆ ಕನ್ನಡ ಅಕ್ಷರದ್ದನ್ನು ಬ್ಲಾಕ್‌ನಲ್ಲೇ ಬಿಟ್ಟು, ಇಂಗ್ಲಿಷ್ ಸ್ಪೆಲ್ಲಿಂಗ್ ಅನ್ನು ಬೇರೆ ಪಟ್ಟಿಗೆ ಹಾಕಿದೆವು. ಆ ಪಟ್ಟಿಯ ಪದ ಬಂದರೆ ಮೆಸೇಜ್ ಹೋಗುತ್ತದೆ, ಮಾಡರೇಟರ್‌ಗಳಿಗೆ (ಗುಂಪು ನೋಡಿಕೊಳ್ಳುವ ನಮಗೆ) ಒಂದು ಅಲರ್ಟ್ ಬರುತ್ತದೆ, ಓದಿ ನೋಡಿ ತೀರ್ಮಾನ ಮಾಡುತ್ತೇವೆ.

ಮಳೆಗಾಲದಲ್ಲಿ ನೆಟ್‌ವರ್ಕ್ ಹೇಗಿರುತ್ತದೆ ಅಂತ ಹೇಳಬೇಕಿಲ್ಲ. ವಾಯ್ಸ್ ಚಾನೆಲ್‌ನ ಬಿಟ್‌ರೇಟ್ (ದನಿಗೆ ಸೆಕೆಂಡಿಗೆ ಎಷ್ಟು ಡೇಟಾ ಹೋಗುತ್ತದೆ ಅನ್ನುವುದು) ಮೊದಲಿಗೆ 64 ಕೆಬಿಪಿಎಸ್ ಇರುತ್ತದೆ, 8ರ ತನಕ ಇಳಿಸಬಹುದು. ನಾವು ಒಂದು ಚಾನೆಲ್ ಅನ್ನು 16ಕ್ಕೆ ಇಳಿಸಿ ಅದಕ್ಕೆ "ಆಗುಂಬೆ" ಅಂತ ಹೆಸರಿಟ್ಟಿದ್ದೇವೆ. ಲೆಕ್ಕ ಹಾಕಿದರೆ, ಒಬ್ಬರು ಒಂದು ಗಂಟೆ ಬಿಡದೆ ಮಾತಾಡಿದರೆ 64ರಲ್ಲಿ ಸುಮಾರು 29 ಎಂಬಿ, 16ರಲ್ಲಿ ಏಳು ಚಿಲ್ಲರೆ. ದನಿ ಸ್ವಲ್ಪ ಡಬ್ಬದೊಳಗಿಂದ ಬಂದಂತೆ ಇರುತ್ತದೆ, ಆದರೆ ಹಳ್ಳಿಯವರು ನಡುವೆ ಕಟ್ ಆಗದೆ ಆಡುತ್ತಾರೆ. ಹಿನ್ನೆಲೆ ಸದ್ದು ಕಡಿಮೆ ಮಾಡುವ ಆಯ್ಕೆಯೂ ಇದೆ. ತಗಡಿನ ಮಾಡಿನ ಮೇಲೆ ಜುಲೈ ಮಳೆ ಬೀಳುವಾಗಲೂ ಮಾತು ಕೇಳುತ್ತದೆ.

ಸೇರಿದ ದಿನವೇ ಪ್ರತಿಯೊಬ್ಬರೂ ಪ್ರೈವಸಿ ಸೆಟ್ಟಿಂಗ್‌ಗೆ ಹೋಗಿ ಸರ್ವರ್ (ಡಿಸ್ಕಾರ್ಡ್‌ನಲ್ಲಿ ಗುಂಪಿಗೆ ಹೀಗೇ ಅನ್ನುವುದು) ಸದಸ್ಯರಿಂದ ನೇರ ಮೆಸೇಜ್ ಬರುವುದನ್ನು ಆಫ್ ಮಾಡಬೇಕು. ಹೊಸಬರಿಗೆ ಒಬ್ಬರು ಜೊತೆಗಿದ್ದು ಮಾಡಿಸುತ್ತೇವೆ. ಯಾರಾದರೂ ಕಾಟ ಕೊಟ್ಟರೆ ಮೆಸೇಜ್ ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ, ದಿನಾಂಕ ಕಾಣುವಂತೆ. ಅಡ್ವಾನ್ಸ್ಡ್ ಸೆಟ್ಟಿಂಗ್‌ನಲ್ಲಿ ಡೆವಲಪರ್ ಮೋಡ್ ಆನ್ ಮಾಡಿದರೆ ಅವರ ಯೂಸರ್ ಐಡಿ ಕಾಪಿ ಮಾಡಬಹುದು. ಹೆಸರು ಬದಲಾಯಿಸಿಕೊಂಡರೂ ಆ ಐಡಿ ನಂಬರ್ ಬದಲಾಗುವುದಿಲ್ಲ. ದೂರು ಕೊಡಬೇಕಾದರೆ ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಹೆಂಗಸರು ಮತ್ತು ಮಕ್ಕಳ ದೂರಿಗೆ ಬೇರೆ ವಿಭಾಗ ಇದೆ. ಶಿವಮೊಗ್ಗದಲ್ಲಿ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಯೂ ಇದೆ. ಬೇಡ ಅಂದರೂ ಆನ್‌ಲೈನ್‌ನಲ್ಲಿ ಹಿಂದೆ ಬೀಳುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಅಪರಾಧ.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಎರಡು ಕಾರಣಕ್ಕೆ. ಆ್ಯಪ್‌ನ ಭಾಷೆಗಳಲ್ಲಿ ಹಿಂದಿ ಇದೆ, ಕನ್ನಡ ಇಲ್ಲ. ಇಂಗ್ಲಿಷ್ ಮೆನು ನೋಡಿ ಹೆದರುವವರಿಗೆ ಸೆಟ್ಟಿಂಗ್ಸ್ ಮುಟ್ಟಲು ಧೈರ್ಯ ಬರುವುದಿಲ್ಲ, ಸೇಫ್ಟಿ ಇರುವುದೆಲ್ಲ ಅಲ್ಲೇ. ಎರಡನೆಯದು ವಾಯ್ಸ್. ಟೈಪ್ ಮಾಡಿದ ಬೈಗುಳಕ್ಕೆ ದಾಖಲೆ ಉಳಿಯುತ್ತದೆ, ಬಾಯಲ್ಲಿ ಬೈದರೆ ಅಲ್ಲಿದ್ದವರು ಸಾಕ್ಷಿ ಹೇಳಬೇಕು, ಅಷ್ಟೇ. ಅದಕ್ಕೇ ರಾತ್ರಿ ಒಂಬತ್ತರಿಂದ ಹನ್ನೊಂದೂವರೆ ತನಕ ಒಬ್ಬ ಮಾಡರೇಟರ್ ವಾಯ್ಸ್ ಚಾನೆಲ್‌ನಲ್ಲಿ ಇರಲೇಬೇಕು ಅಂತ ಸರದಿ ಮಾಡಿಕೊಂಡಿದ್ದೇವೆ. ಈ ವಾರ ಗುರುವಾರದ ಸರದಿ ಲೂಡೋ ಆಂಟಿಯದು.